ಆಹಾರದಲ್ಲಿನ ಸೆಲೆನಿಯಂ ಸಂಯುಕ್ತಗಳ ಮೈಕ್ರೋಚಿಪ್ ವಿಶ್ಲೇಷಣೆ

ಆಹಾರದಲ್ಲಿರುವ ಸೆಲೆನಿಯಂನ ವಿವಿಧ ರೂಪಗಳನ್ನು ಚಿಕ್ಕ ಚಿಪ್‌ನ ಮೇಲೆ ಬೇರ್ಪಡಿಸಿ ಅಳೆಯುವ ವಿಧಾನವಿದು. ಬರ್ಜೀಲಿಯಸ್ 1817ರಲ್ಲಿ ಕಂಡುಹಿಡಿದ ಈ ಧಾತು ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಅವಶ್ಯಕ. ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, 400 ಮೀರಬಾರದು. ಕೊರತೆಯು ಚೀನಾದ ಕೆಶಾನ್ ಹೃದ್ರೋಗದೊಂದಿಗೆ ನಂಟು ಹೊಂದಿದೆ. ಪಂಜಾಬಿನ ಕೆಲವು ಭಾಗಗಳಲ್ಲಿ ಮಣ್ಣಿನ ಅಧಿಕ ಸೆಲೆನಿಯಂ ಬೆಳೆ, ಜಾನುವಾರುಗಳಿಗೆ ವಿಷವಾಗಿದೆ.

ಒಟ್ಟು ಪ್ರಮಾಣವೊಂದನ್ನೇ ಅಳೆದರೆ ಸಾಲದು. ಧಾನ್ಯಗಳಲ್ಲಿ ಹೆಚ್ಚಾಗಿರುವ ಸೆಲೆನೋಮೆಥಿಯೋನಿನ್, ನಿರವಯವ ರೂಪಗಳಾದ ಸೆಲೆನೈಟ್ ಮತ್ತು ಸೆಲೆನೇಟ್‌ಗಳು ದೇಹದಲ್ಲಿ ಬೇರೆ ಬೇರೆ ರೀತಿ ವರ್ತಿಸುತ್ತವೆ.

ಚಿಪ್‌ನ ಗಾಜು ಅಥವಾ ಪಾಲಿಮರ್ ಫಲಕದಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುತ್ತವೆ. ಅಧಿಕ ವೋಲ್ಟೇಜ್ ನೀಡಿದಾಗ ವಿದ್ಯುದಾವೇಶ ಮತ್ತು ಗಾತ್ರಕ್ಕನುಗುಣವಾಗಿ ಅಣುಗಳು ಭಿನ್ನ ವೇಗದಲ್ಲಿ ಚಲಿಸಿ ಬೇರ್ಪಡುತ್ತವೆ. ಕಾಲುವೆ ಗಿಡ್ಡವಾದ್ದರಿಂದ ಇದು ಬಹಳ ಬೇಗ ಮುಗಿಯುತ್ತದೆ. ಬಳಿಕ ಪ್ಲಾಸ್ಮಾ ದ್ರವ್ಯರಾಶಿ ರೋಹಿತಮಾಪಕವು ಸೆಲೆನಿಯಂ ಅನ್ನು ಗುರುತಿಸುತ್ತದೆ. ಆದರೆ 'ಕ್ಷಿಪ್ರ' ಎಂಬ ವಿಶೇಷಣ ಬೇರ್ಪಡಿಸುವ ಹಂತಕ್ಕಷ್ಟೇ ಸಲ್ಲುತ್ತದೆ. ಪ್ರೋಟೀನಿನಲ್ಲಿ ಸೇರಿಕೊಂಡ ಸೆಲೆನೋಮೆಥಿಯೋನಿನ್ ಅನ್ನು ಕಿಣ್ವದಿಂದ ಬಿಡಿಸಲು ಗಂಟೆಗಟ್ಟಲೆ ಬೇಕಾಗಬಹುದು.

ಧಾನ್ಯದ ಸೆಲೆನಿಯಂ ಅದು ಬೆಳೆದ ಮಣ್ಣನ್ನು ಅವಲಂಬಿಸುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಸಸ್ಯಗಳು ಸುಲಭವಾಗಿ ಹೀರುವ ಸೆಲೆನೇಟ್ ರೂಪವೇ ಹೆಚ್ಚು. ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂತೆ ಜೋಳದ ರೊಟ್ಟಿಯೇ ಪ್ರಧಾನವಾದ ಪ್ರದೇಶಗಳಲ್ಲಿ, ಬೇರೆಡೆಯ ಸರಾಸರಿಗಿಂತ ಸ್ಥಳೀಯ ಧಾನ್ಯದ ನೇರ ಅಳತೆಯೇ ವಿಶ್ವಾಸಾರ್ಹ.