ಆನೆಯ ಜೊತೆ ಬಾರದ ಅಂಕುಶ

ಆನೆ ಕೊಟ್ಟವನು ಅಂಕುಶ ಕೊಡನೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಗಣಕಯಂತ್ರದ ಮಾರುಕಟ್ಟೆ ಆ ಪ್ರಶ್ನೆಗೆ ಬಹುಕಾಲದಿಂದ ‘ಕೊಡೆ’ ಎಂದೇ ಉತ್ತರಿಸುತ್ತ ಬಂದಿದೆ. ಪ್ರಿಂಟರಿನ ಪೆಟ್ಟಿಗೆಯಲ್ಲಿ ಅದನ್ನು ಗಣಕಕ್ಕೆ ಜೋಡಿಸುವ ಕೇಬಲ್ ಇರುವುದಿಲ್ಲ. ಹೊಸ ಹಾರ್ಡ್ ಡಿಸ್ಕಿನ ಜೊತೆ ಅದಕ್ಕೆ ಬೇಕಾದ ತಂತಿಯೂ ಇಲ್ಲ, ಬಿಗಿಯುವ ತಿರುಪೂ ಇಲ್ಲ. ಹೈದರಾಬಾದಿನ ಅಂಗಡಿಗಳಲ್ಲಿ ಇದಕ್ಕೆ ಎರಡು ಮಾತಿನ ಸಮಾಧಾನವಿದೆ: ‘ಕೇಬಲ್ ಅಲಗ್’. ಈ ಎರಡು ಮಾತಿನ ಹಿಂದೆ ನಾಲ್ಕು ದಶಕಗಳ ಇತಿಹಾಸವಿದೆ.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಪರಿಚಾರಕನಾಗಿದ್ದ ಆಲ್ಬರ್ಟ್ ಅಬಿದ್ ತೆರೆದ ಅಂಗಡಿಯಿಂದ ಅಬಿಡ್ಸಿಗೆ ಆ ಹೆಸರು ಬಂತು. ಅಂಗಡಿ ಹೋಯಿತು, ವ್ಯಾಪಾರದ ಗುಣ ಉಳಿಯಿತು. ಭಾನುವಾರ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳು ಹರಡಿಕೊಳ್ಳುವ ಈ ಬಡಾವಣೆಯಲ್ಲೇ ಚಿರಾಗ್ ಅಲಿ ಓಣಿಯ ಗಣಕದ ಅಂಗಡಿಗಳಿವೆ. ನಡೆದುಹೋಗುವಷ್ಟು ದೂರದಲ್ಲಿ ಕೋಠಿಯ ಗುಜರಾತಿ ಗಲ್ಲಿ ಇದೆ; ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಅದು ಹೆಸರಾದ ಜಾಗ. ಅಲ್ಲಿಂದ ಕಾಚಿಗುಡವೂ ದೂರವಲ್ಲ. ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆಗಳಿರುವ ಆ ಭಾಗ ಹೈದರಾಬಾದಿನ ಕನ್ನಡಿಗರಿಗೆ ಪರಿಚಿತವಾದುದೇ.

ಗಣಕವು ಬಿಡಿಬಿಡಿಯಾಗಿ ಮಾರಾಟವಾಗದ ಕಾಲವೂ ಒಂದಿತ್ತು. ಇದೇ ನಗರದಲ್ಲಿ 1967ರಲ್ಲಿ ಆರಂಭವಾದ ಇ.ಸಿ.ಐ.ಎಲ್. ಸಂಸ್ಥೆ 1969ರಲ್ಲಿ ಟಿಡಿಸಿ-12 ಎಂಬ ಗಣಕವನ್ನು ತಯಾರಿಸಿತು. ಅಂತಹ ಯಂತ್ರವನ್ನು ಕೊಳ್ಳುತ್ತಿದ್ದುದು ವ್ಯಕ್ತಿಗಳಲ್ಲ, ಸಂಸ್ಥೆಗಳು. ಯಂತ್ರವನ್ನು ಸ್ಥಾಪಿಸಿ, ಎಲ್ಲವನ್ನೂ ಜೋಡಿಸಿ, ನಡೆಸಿ ತೋರಿಸುವುದು ತಯಾರಕರ ಹೊಣೆಯಾಗಿತ್ತು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದು ಕೊಂಡವರ ಚಿಂತೆಯೇ ಆಗಿರಲಿಲ್ಲ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದ ಮೇಲೆ ಈ ಏರ್ಪಾಡು ಮುರಿಯಿತು. ಆ ಯಂತ್ರದ ರಚನೆ ತೆರೆದಿದ್ದುದರಿಂದ ಬೇರೆಯವರೂ ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. ಗಣಕ ಒಬ್ಬರದು, ಪ್ರಿಂಟರ್ ಇನ್ನೊಬ್ಬರದು, ಡಿಸ್ಕ್ ಮತ್ತೊಬ್ಬರದು ಎಂದಾಯಿತು. ನಮಗೆ ಅಗ್ಗವೂ ಆಯ್ಕೆಯೂ ಸಿಕ್ಕಿದ್ದು ಈ ಬಿಡುಗಡೆಯಿಂದ. ಆದರೆ ಇಬ್ಬರ ನಡುವಿನ ಕೇಬಲ್ ಯಾರದು ಎಂಬ ಪ್ರಶ್ನೆ ಹುಟ್ಟಿದ್ದೂ ಆಗಲೇ.

ಆರಂಭದಲ್ಲಿ ಕೇಬಲ್ ಕೊಡದಿರುವುದಕ್ಕೆ ನ್ಯಾಯವಾದ ಕಾರಣವಿತ್ತು. ಸೆಂಟ್ರಾನಿಕ್ಸ್ ಮಾದರಿಯ ಪ್ರಿಂಟರಿಗೆ 36 ಸಂಪರ್ಕಗಳ ಕನೆಕ್ಟರ್ ಇರುತ್ತಿತ್ತು. ಐಬಿಎಂ ಪಿಸಿಯ ಹಿಂಬದಿಯಲ್ಲಿದ್ದುದು 25 ರಂಧ್ರಗಳದು. ಬೇರೆ ಕಂಪನಿಗಳ ಗಣಕಗಳಲ್ಲಿ ಬೇರೆಯೇ ಆಕಾರಗಳಿದ್ದವು. ತನ್ನ ಪ್ರಿಂಟರ್ ಯಾರ ಮನೆಯ ಯಾವ ಗಣಕವನ್ನು ಸೇರಲಿದೆ ಎಂದು ತಿಳಿಯದ ತಯಾರಕ ಯಾವ ಕೇಬಲನ್ನು ಪೆಟ್ಟಿಗೆಯಲ್ಲಿ ಇಡಬೇಕು? ಅಂಗಡಿಯವನು ನೋಡಿ ಕೊಡಲಿ ಎಂದು ಬಿಟ್ಟದ್ದು ಸರಿಯೇ ಆಗಿತ್ತು.

1996ರಲ್ಲಿ ಯುಎಸ್‌ಬಿ ಬಂದ ಮೇಲೆ ಆ ಕಾರಣ ಕ್ರಮೇಣ ಇಲ್ಲವಾಯಿತು. ಎಲ್ಲ ಗಣಕಗಳಿಗೂ ಒಂದೇ ಚಪ್ಪಟೆ ರಂಧ್ರ, ಹೆಚ್ಚಿನ ಪ್ರಿಂಟರುಗಳಿಗೆ ಒಂದೇ ಚೌಕ ರಂಧ್ರ. ಈಗ ಯಾವ ಕೇಬಲ್ ಇಡಬೇಕು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಆದರೂ ಎಷ್ಟೋ ಪೆಟ್ಟಿಗೆಗಳು ಕೇಬಲ್ ಇಲ್ಲದೆಯೇ ಬಂದವು. ಕಾರಣ ಸತ್ತರೂ ರೂಢಿ ಬದುಕಿತು.

ಡಿಸ್ಕುಗಳ ಕಥೆ ಸ್ವಲ್ಪ ಬೇರೆ. ಅವು ಎರಡು ಬಗೆಯಲ್ಲಿ ಮಾರುಕಟ್ಟೆಗೆ ಬರುತ್ತಿದ್ದವು. ಬಣ್ಣದ ಪೆಟ್ಟಿಗೆಯಲ್ಲಿ ಕೇಬಲ್, ತಿರುಪು, ಕೈಪಿಡಿಗಳ ಸಮೇತ ಬರುವುದು ಒಂದು ಬಗೆ. ಗಣಕ ಜೋಡಿಸುವವರಿಗೆಂದು ಬರಿಯ ಚೀಲದಲ್ಲಿ ಬರುವುದು ಇನ್ನೊಂದು. ಜೋಡಿಸುವವನಿಗೆ ಮದರ್‌ಬೋರ್ಡಿನ ಪೆಟ್ಟಿಗೆಯಲ್ಲೇ ಕೇಬಲ್ ಸಿಗುತ್ತಿತ್ತು. ಆದ್ದರಿಂದ ಇಡೀ ಗಣಕವನ್ನು ಹೊಸದಾಗಿ ಕಟ್ಟುವಾಗ ಯಾವುದೂ ಕೊರತೆಯಾಗುತ್ತಿರಲಿಲ್ಲ. ಲೆಕ್ಕ ತಪ್ಪುತ್ತಿದ್ದುದು ಹಳೆಯ ಗಣಕಕ್ಕೆ ಒಂದೇ ಒಂದು ಭಾಗ ಸೇರಿಸಲು ಹೊರಟವನಿಗೆ. ಡಿಸ್ಕ್ ಮಾಡಿದವನು ಕೇಬಲ್ ಬೋರ್ಡಿನ ಜೊತೆ ಬಂದಿರುತ್ತದೆ ಎಂದುಕೊಂಡ; ಬೋರ್ಡ್ ಕೊಟ್ಟವನ ವ್ಯವಹಾರ ವರ್ಷಗಳ ಹಿಂದೆಯೇ ಮುಗಿದಿತ್ತು.

ಕಣ್ಣಿಗೆ ಕಾಣದ ಕೊರತೆಯೂ ಉಂಟು. ಐಡಿಇ ಡಿಸ್ಕುಗಳ ವೇಗ ಸೆಕೆಂಡಿಗೆ 66 ಮೆಗಾಬೈಟಿಗೆ ಏರಿದಾಗ 80 ಎಳೆಗಳ ಪಟ್ಟಿ ಕೇಬಲ್ ಬೇಕಾಯಿತು. ಕನೆಕ್ಟರ್ ಮಾತ್ರ ಹಳೆಯ 40 ಮೊಳೆಗಳದೇ. ಹಳೆಯ 40 ಎಳೆಗಳ ಕೇಬಲ್ ಹಾಕಿದರೂ ಡಿಸ್ಕ್ ನಡೆಯುತ್ತಿತ್ತು, ಅರ್ಧ ವೇಗದಲ್ಲಿ. ಹೊಸದಕ್ಕೆ ಹಣ ಕೊಟ್ಟವನು ಹಳೆಯದನ್ನೇ ಅನುಭವಿಸುತ್ತಿದ್ದ, ಅದೂ ಅರಿವಿಲ್ಲದೆ. 2003ರ ವೇಳೆಗೆ ಸಾಟಾ ಬಂದಾಗ ದತ್ತಾಂಶಕ್ಕೆ 7, ವಿದ್ಯುತ್ತಿಗೆ 15 ಸಂಪರ್ಕಗಳ ಹೊಸ ತಂತಿಗಳಾದವು. ಹಳೆಯ ಪವರ್ ಸಪ್ಲೈಗಳಲ್ಲಿ ಇದ್ದುದು ನಾಲ್ಕು ಮೊಳೆಯ ಕನೆಕ್ಟರ್ ಮಾತ್ರ. ನಡುವೆ ಇನ್ನೊಂದು ಪರಿವರ್ತಕ ತಂತಿ ಬೇಕಾಯಿತು, ಅದೂ ‘ಅಲಗ್’.

ಹೊರನಾಡ ಕನ್ನಡಿಗರಾದ ನಮಗೆ ಈ ಇತಿಹಾಸ ಇನ್ನೊಂದು ಕಡೆಯಿಂದಲೂ ತಾಗುತ್ತದೆ. ಗಣಕದಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಲು ಪುಣೆಯ ಸಿ-ಡ್ಯಾಕ್ ‘ಜಿಸ್ಟ್’ ಎಂಬ ಕಾರ್ಡನ್ನು ಕೊಡುತ್ತಿದ್ದ ಕಾಲವಿತ್ತು. ಅಂದರೆ ಕನ್ನಡವೇ ಹೆಚ್ಚುವರಿಯಾಗಿ ಕೊಂಡು ಸೇರಿಸಬೇಕಾದ ಬಿಡಿಭಾಗವಾಗಿತ್ತು. ಮುಂದೆ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದ ತಂತ್ರಾಂಶಗಳು ಆ ಹೊರೆಯನ್ನು ಇಳಿಸಿದವು. ಆದರೆ ಒಂದು ತಂತ್ರಾಂಶದ ಅಕ್ಷರಸಂಕೇತ ಇನ್ನೊಂದಕ್ಕೆ ಹೊಂದದಿದ್ದಾಗ ಬೆಂಗಳೂರಿನಿಂದ ಬಂದ ಲೇಖನ ಇಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳ ಸಾಲಾಗುತ್ತಿತ್ತು. ಅದೂ ಒಂದು ಬಗೆಯ ಕನೆಕ್ಟರಿನ ಕೊರತೆಯೇ. ಯುನಿಕೋಡ್ ಬಳಕೆಗೆ ಬಂದ ಮೇಲಷ್ಟೇ ಆ ಕೊರತೆ ತೀರಿತು.

ಈಗ ಕೊಡದಿರುವುದೇ ಒಂದು ಸದ್ಗುಣವೆನಿಸಿಕೊಂಡಿದೆ. 2020ರಲ್ಲಿ ಆಪಲ್ ಕಂಪನಿ ಪರಿಸರದ ಹೆಸರಿನಲ್ಲಿ ಐಫೋನಿನ ಪೆಟ್ಟಿಗೆಯಿಂದ ಚಾರ್ಜರನ್ನು ತೆಗೆಯಿತು. 2024ರ ಡಿಸೆಂಬರ್ 28ರಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯವಾಯಿತು. ಚಾರ್ಜರ್ ಇಲ್ಲದೆ ಕೊಳ್ಳುವ ಆಯ್ಕೆಯನ್ನೂ ಗ್ರಾಹಕನಿಗೆ ಕೊಡಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಎಲ್ಲ ರಂಧ್ರಗಳೂ ಒಂದೇ ಆದಲ್ಲಿ, ಮನೆಯಲ್ಲಿ ಹಳೆಯದು ಇದ್ದಲ್ಲಿ, ಈ ವಾದ ಒಪ್ಪತಕ್ಕದ್ದೇ. ಕೊಡುವುದಿಲ್ಲ ಎಂಬುದನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೇಳಬೇಕು, ಅಷ್ಟೇ.

ಆದರೆ ಹಿಂದಿನ ಕಾಲದ ರಂಧ್ರಗಳನ್ನು ಹೊತ್ತ ಡಿಸ್ಕುಗಳು ನಮ್ಮ ಕಪಾಟುಗಳಲ್ಲಿ ಇನ್ನೂ ಇವೆ. ಸಂಘದ ಸ್ಮರಣ ಸಂಚಿಕೆ, ತೀರಿಕೊಂಡ ಹಿರಿಯರೊಬ್ಬರು ಟೈಪು ಮಾಡಿಟ್ಟ ಆತ್ಮಕಥನ, ನಾಟಕದ ಹಸ್ತಪ್ರತಿ ಅವುಗಳೊಳಗೆ ಇರಬಹುದು. ಹಾರ್ಡ್ ಡಿಸ್ಕುಗಳು ಶಾಶ್ವತವಲ್ಲ; ಕಾಯುವುದಕ್ಕೆ ಒಂದು ಮಿತಿ ಉಂಟು. ಐಡಿಇಯಿಂದ ಯುಎಸ್‌ಬಿಗೆ ದಾಟಿಸುವ ಅಡಾಪ್ಟರ್ ಇಂದಿಗೂ ದೊರೆಯುವ ವಸ್ತು. ಕೊಳ್ಳುವಾಗ ಡಿಸ್ಕನ್ನೇ ಕೈಯಲ್ಲಿ ಹಿಡಿದು ಹೋಗಬೇಕು. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟಿನ ವಿದ್ಯುತ್ತೂ ಬೇಕು. ಅದು ಯುಎಸ್‌ಬಿಯ ಸಾಮಾನ್ಯ ತಂತಿಯಿಂದ ಬರುವುದಿಲ್ಲ. ಆದ್ದರಿಂದ ಅಡಾಪ್ಟರಿನ ಜೊತೆ ಪ್ರತ್ಯೇಕ ಪವರ್ ಸಪ್ಲೈ ಇದೆಯೇ ಎಂದು ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ ನೋಡಬೇಕು. ಲ್ಯಾಪ್‌ಟಾಪಿನ ಹಳೆಯ ಐಡಿಇ ಡಿಸ್ಕಾದರೆ ಕನೆಕ್ಟರ್ 44 ಮೊಳೆಗಳದು ಎಂಬುದನ್ನು ಮರೆಯಬಾರದು. ಕಡತಗಳು ತೆರೆದ ಮೇಲೆ ಅವನ್ನು ಯುನಿಕೋಡಿಗೆ ಬದಲಿಸಿ ಎರಡು ಕಡೆ ಇಡಬೇಕು.

ಇನ್ನು ಮನೆಯಲ್ಲಿ ಉಳಿದಿರುವ ಕೇಬಲುಗಳ ಗಂಟು. ಅದನ್ನು ಗುಜರಿಗೆ ಹಾಕುವ ಮೊದಲು ಒಂದೊಂದನ್ನೂ ಬಿಡಿಸಿ, ಯಾವ ಯಂತ್ರದ್ದು ಎಂದು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿಡಿ. ಮುಂದೆ ಆ ಡಿಸ್ಕನ್ನು ತೆರೆಯಬೇಕಾದ ಮಕ್ಕಳಿಗೆ ಅದು ಉಪಕಾರವಾಗುತ್ತದೆ.