ಗವಾನ್ ಬದುಕಿದ್ದರೆ? ಪರ್ಯಾಯ ಇತಿಹಾಸ ನಡೆದುಬಂದ ದಾರಿ

1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ ತನ್ನ ವಜೀರ ಮಹಮೂದ್ ಗವಾನನ ತಲೆ ತೆಗೆಸಿದ. ದಂಡೆತ್ತಿ ಬರುವಂತೆ ಒಡಿಶಾದ ಅರಸನಿಗೆ ಬರೆದದ್ದೆನ್ನಲಾದ ಪತ್ರವೇ ಪುರಾವೆ. ಮುದ್ರೆ ಗವಾನನದು, ಬರಹ ವೈರಿಗಳದು. ಮರುವರ್ಷ ಸುಲ್ತಾನನೂ ತೀರಿಕೊಂಡ; ಕೆಲವೇ ದಶಕಗಳಲ್ಲಿ ಬೀದರಿನ ರಾಜ್ಯ ಐದು ಹೋಳಾಯಿತು. ಅಂದು ಸುಲ್ತಾನ ಸರಿಯಾದ ವಿಚಾರಣೆ ನಡೆಸಿದ್ದರೆ ದಖ್ಖನ್ ಒಂದಾಗಿ ಉಳಿಯುತ್ತಿತ್ತೇ?

ಇಂಥ ಪ್ರಶ್ನೆ ಕೇಳುವ ಪರಂಪರೆ ಹಳೆಯದು. ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದ ರೋಮಿನ ಇತಿಹಾಸಕಾರ ಲಿವಿ, ರೋಮೇ ಗೆಲ್ಲುತ್ತಿತ್ತು ಎಂದು ವಾದಿಸಿದ. 1836ರಲ್ಲಿ ಫ್ರಾನ್ಸಿನ ಲೂಯಿ ಜೆಫ್ರಾ, ನೆಪೋಲಿಯನ್ ಇಡೀ ಜಗತ್ತನ್ನೇ ಗೆದ್ದಂತೆ ಕಾದಂಬರಿ ಬರೆದ. 1876ರಲ್ಲಿ ತತ್ವಶಾಸ್ತ್ರಜ್ಞ ಶಾರ್ಲ್ ರೆನೂವಿಯೆ ಈ ಬಗೆಯ ಬರಹಕ್ಕೆ ‘ಯುಕ್ರೋನಿ’ ಎಂದು ಹೆಸರಿಟ್ಟ. 1931ರಲ್ಲಿ ಜೆ.ಸಿ. ಸ್ಕ್ವೈರ್ ಸಂಪಾದಿಸಿದ ಪ್ರಬಂಧ ಸಂಕಲನಕ್ಕೆ ವಿನ್‌ಸ್ಟನ್ ಚರ್ಚಿಲ್ ಕೂಡ ಬರೆದರು.

ಈ ಪ್ರಕಾರವನ್ನು ಸೆಳೆದ ವಸ್ತುಗಳಲ್ಲಿ ರೋಮನ್ನರು ಮತ್ತು ಗೋಥರ ಕೂಡುರಾಜ್ಯವೂ ಒಂದು. ಅದು ಬರೀ ಕನಸಾಗಿರಲಿಲ್ಲ. 414ರಲ್ಲಿ ಗೋಥ್ ದೊರೆ ಅಥಾಲ್ಫ್ ರೋಮ್ ಚಕ್ರವರ್ತಿಯ ತಂಗಿ ಗಾಲಾ ಪ್ಲಾಸಿಡಿಯಾಳನ್ನು ಮದುವೆಯಾದ. ಅವರ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡ. 493ರಿಂದ 526ರವರೆಗೆ ಇಟಲಿ ಆಳಿದ ಥಿಯೋಡೋರಿಕ್ ಸೈನ್ಯವನ್ನು ಗೋಥರಿಗೆ, ಆಡಳಿತವನ್ನು ಕ್ಯಾಸಿಯೋಡೋರಸನಂಥ ರೋಮನ್ನರಿಗೆ ವಹಿಸಿದ. 519ರಲ್ಲಿ ಅವನ ಅಳಿಯ ಯುಥಾರಿಕ್, ಚಕ್ರವರ್ತಿ ಜಸ್ಟಿನನ ಜೊತೆ ಕಾನ್ಸಲ್ ಪದವಿಗೇರಿದ. ಆದರೆ ಅಳಿಯ ಮಾವನಿಗಿಂತ ಮೊದಲೇ ಸತ್ತ, ಪಟ್ಟ ಬಾಲಕ ಮೊಮ್ಮಗನ ಪಾಲಾಯಿತು. 535ರಲ್ಲಿ ಜಸ್ಟಿನಿಯನ್ ಆರಂಭಿಸಿದ ಯುದ್ಧ ಇಟಲಿಯನ್ನು ಸುಮಾರು ಎರಡು ದಶಕ ಸುಟ್ಟಿತು. 540ರಲ್ಲಿ ಗೋಥರೇ ಶತ್ರು ಸೇನಾಪತಿ ಬೆಲಿಸಾರಿಯಸನಿಗೆ ಪಶ್ಚಿಮದ ಕಿರೀಟ ಕೊಡಲು ಮುಂದಾದರು. ಒಪ್ಪಿದಂತೆ ನಟಿಸಿ ಅವನು ರವೆನ್ನಾ ನಗರವನ್ನು ವಶಪಡಿಸಿಕೊಂಡ.

ಅಮೆರಿಕದ ಎಲ್. ಸ್ಪ್ರೇಗ್ ಡಿ ಕ್ಯಾಂಪ್ 1939ರಲ್ಲಿ ಪತ್ರಿಕೆಯಲ್ಲಿ, 1941ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ‘ಲೆಸ್ಟ್ ಡಾರ್ಕ್‌ನೆಸ್ ಫಾಲ್’ ಕಾದಂಬರಿ ನಿಂತಿರುವುದು ಈ ಬಿರುಕಿನ ಮೇಲೆಯೇ. ಸಿಡಿಲಿನ ಹೊಡೆತಕ್ಕೆ 535ರ ರೋಮಿಗೆ ಹೋಗಿಬೀಳುವ ಪುರಾತತ್ವಜ್ಞನೊಬ್ಬ ಮುದ್ರಣ ಯಂತ್ರ ಕಟ್ಟುತ್ತಾನೆ, ಲೆಕ್ಕಪತ್ರದ ಹೊಸ ಪದ್ಧತಿ ಕಲಿಸುತ್ತಾನೆ, ಗೋಥರ ರಾಜ್ಯ ಉಳಿಸುತ್ತಾನೆ.

ಇತಿಹಾಸಕಾರರು ಬಹುಕಾಲ ಇಂಥ ಊಹೆಯನ್ನು ದೂರವೇ ಇಟ್ಟರು. ಇ.ಎಚ್. ಕಾರ್ 1961ರಲ್ಲಿ ಇದು ಬೈಠಕ್ಕಿನ ಆಟವೆಂದು ತಳ್ಳಿಹಾಕಿದರು. ಮೂರೇ ವರ್ಷಕ್ಕೆ ರಾಬರ್ಟ್ ಫೋಗೆಲ್ ರೈಲು ಇಲ್ಲದ ಅಮೆರಿಕವನ್ನು ಅಂಕಿಅಂಶಗಳಿಂದ ಕಟ್ಟಿ, ಅದರ ಬೆಳವಣಿಗೆಗೆ ರೈಲು ಅನಿವಾರ್ಯವಾಗಿರಲಿಲ್ಲವೆಂದು ವಾದಿಸಿದರು; 1993ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. 1997ರಲ್ಲಿ ನಿಯಾಲ್ ಫರ್ಗ್ಯೂಸನ್ ಒಂದು ಗೆರೆ ಎಳೆದರು: ಆ ಕಾಲದ ಜನರೇ ಯೋಚಿಸಿದ್ದ, ದಾಖಲೆಯಲ್ಲಿ ಉಳಿದಿರುವ ಪರ್ಯಾಯಗಳನ್ನಷ್ಟೇ ಪರಿಗಣಿಸಬೇಕು.

ನಮ್ಮ ನೆರೆಯ ಮರಾಠಿಯಲ್ಲಿ ಖಭೌತ ವಿಜ್ಞಾನಿ ಜಯಂತ ನಾರಳೀಕರ್ ಈ ಬೀಜವನ್ನು ಸೊಗಸಾಗಿ ಬಿತ್ತಿದರು. ಅವರ ಕಥೆಯಲ್ಲಿ 1761ರ ಪಾಣಿಪತ್ತಿನ ಗುಂಡು ಪೇಶ್ವೆಯ ಮಗ ವಿಶ್ವಾಸರಾಯನಿಗೆ ತಾಗದೆ ಹೋಗುತ್ತದೆ, ಮರಾಠರು ಗೆಲ್ಲುತ್ತಾರೆ. ಅದರ ಇಂಗ್ಲಿಷ್ ರೂಪ ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯಕ್ಕೂ ಸೇರಿತು.

ಇನ್ನು ಬೀದರ್. ಫರಿಷ್ತಾನ ಚರಿತ್ರೆಯಿಂದ ಹಿಡಿದು ಹಾರೂನ್ ಖಾನ್ ಶೇರ್ವಾನಿ, ಗುಲಾಮ್ ಯಜ್ದಾನಿ, ರಿಚರ್ಡ್ ಈಟನ್ ಅವರ ಕೃತಿಗಳವರೆಗೆ ಪರಿಶೀಲನೆಗೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ರೋಮನ್ನರು, ಗೋಥರಂತೆ ಇಲ್ಲಿಯೂ ಎರಡು ಬಣ: ಸಮುದ್ರದಾಚೆಯಿಂದ ಬಂದ ಅಫಾಕಿಗಳು, ಇಲ್ಲಿಯೇ ನೆಲೆ ನಿಂತ ದಖನಿಗಳು. ಇರಾನಿನ ಗೀಲಾನ್ ಪ್ರಾಂತದಿಂದ ಬಂದಿದ್ದ ಗವಾನ್ ಎರಡೂ ಬಣಗಳಿಗೆ ಹುದ್ದೆ ಹಂಚಿದ, 1472ರ ಹೊತ್ತಿಗೆ ಬೀದರಿನಲ್ಲಿ ಮದರಸಾ ಕಟ್ಟಿಸಿದ. ನಾಲ್ಕು ತರಫ್‌ಗಳನ್ನು, ಅಂದರೆ ಪ್ರಾಂತಗಳನ್ನು, ಎಂಟು ಮಾಡಿ, ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದ. ಪ್ರಾಂತಾಧಿಕಾರಿಗಳನ್ನು ಕೆರಳಿಸಿದ್ದು ಈ ಕ್ರಮ. ಹಾಗಾಗಿ ಸುಳ್ಳು ಪತ್ರ ಹುಟ್ಟದಿದ್ದರೂ ವೈರ ಉಳಿಯುತ್ತಿತ್ತು. ಎಪ್ಪತ್ತು ದಾಟಿದ್ದ ವಜೀರನ ಪ್ರಾಣ ಉಳಿದಿದ್ದರೆ ರಾಜ್ಯಕ್ಕೆ ದಕ್ಕುತ್ತಿದ್ದದ್ದು ಕೆಲವು ವರ್ಷಗಳು ಮಾತ್ರ. ಇಟಲಿಯಂತೆಯೇ ಇಲ್ಲಿಯೂ ಗದ್ದುಗೆಗೆ ಬಂದವನು ಬಾಲಕ. ನಿಜವಾದ ಕವಲು ಇರುವುದು ತರಫ್ ಸುಧಾರಣೆ ಬೇರೂರುತ್ತಿತ್ತೇ ಎಂಬಲ್ಲಿ.

ಔರಾದ, ಭಾಲ್ಕಿಯವರಿಗೆ ಇನ್ನೂ ಹತ್ತಿರದ ಕವಲು ಒಂದಿದೆ. 1955ರಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್‌ವಿಂಗಡಣಾ ಆಯೋಗ ಬೀದರ್ ಜಿಲ್ಲೆಯನ್ನು ಉಳಿಕೆ ಹೈದರಾಬಾದ್ ರಾಜ್ಯದಲ್ಲೇ ಇಡುವಂತೆ ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ. 1956ರ ನವೆಂಬರ್ 1ರಂದು ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರಿಗೆ ಬಂದವು. ಔರಾದ ಹೈದರಾಬಾದಿನಲ್ಲೇ ಉಳಿದಿದ್ದರೆ ಇಲ್ಲಿನ ಶಾಲೆಗಳ ಭಾಷೆ ಯಾವುದಾಗುತ್ತಿತ್ತು, ಕಚೇರಿಯ ಕಾಗದ ಯಾವ ಲಿಪಿಯಲ್ಲಿ ಬರುತ್ತಿತ್ತು? ಇದು ಫರ್ಗ್ಯೂಸನ್ ಎಳೆದ ಗೆರೆಯೊಳಗಿನ ಪ್ರಶ್ನೆ, ಮುದ್ರಿತ ಸರ್ಕಾರಿ ವರದಿಯೇ ಅದಕ್ಕೆ ಆಧಾರ.

ಆ ದಿನಗಳನ್ನು ಕಂಡ ಹಿರಿಯರು ಗಡಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಆಯೋಗದ ವರದಿಯನ್ನು ಕೈಯಲ್ಲಿ ಹಿಡಿದು ಅವರ ಬಳಿ ಹೋಗಲಿ, ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಲಿ.