ಆರ್. ನಾಗೇಂದ್ರರಾಯರು: ರಂಗದಿಂದ ತೆರೆಗೆ, ತೆರೆಯಿಂದ ರಂಗಕ್ಕೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ರಾವಣನಾಗಿ ಆರ್. ನಾಗೇಂದ್ರರಾಯರ ಹೆಸರು ಚಲನಚಿತ್ರ ಚರಿತ್ರೆಯಲ್ಲಿ ನಿಂತಿದೆ. 1896ರ ಜೂನ್ 23ರಂದು ಹುಟ್ಟಿದ ಅವರಿಗೆ ಆ ಚಿತ್ರ ತೆರೆಕಂಡಾಗ ಮೂವತ್ತೇಳು ವರ್ಷ. ಹುಡುಗನಾಗಿದ್ದಾಗಲೇ ನಾಟಕದ ಕಂಪನಿ ಸೇರಿದ್ದ ಅವರು ಅಷ್ಟು ಹೊತ್ತಿಗೆ ವೃತ್ತಿರಂಗಭೂಮಿಯಲ್ಲಿ ಪಳಗಿದ ನಟರಾಗಿದ್ದರು. ಸಿನಿಮಾ ಅವರನ್ನು ನಟನನ್ನಾಗಿ ಮಾಡಲಿಲ್ಲ. ಸಿದ್ಧನಾಗಿದ್ದ ನಟನೊಬ್ಬ ಸಿನಿಮಾಕ್ಕೆ ದೊರೆತ.

ಆ ಕಾಲದ ಕಂಪನಿ ನಾಟಕದ ತಾಲೀಮು ಬಹಳ ಬಿಗಿಯಾದದ್ದು. ಊರಿಂದೂರಿಗೆ ಮೊಕ್ಕಾಂ ಬದಲಿಸುವ ಮಂಡಳಿಗಳಲ್ಲಿ ಹುಡುಗರು ಮೊದಲು ಬಾಲಪಾತ್ರ, ಸ್ತ್ರೀಪಾತ್ರಗಳಿಗೆ ಬಣ್ಣ ಹಚ್ಚುತ್ತಿದ್ದರು. ಕಂದ, ವೃತ್ತ, ರಂಗಗೀತೆಗಳನ್ನು ಹಾರ್ಮೋನಿಯಂ ಮತ್ತು ತಬಲಾದ ಜೊತೆ ಹಾಡಬೇಕು, ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸಬೇಕು, ‘ಒನ್ಸ್ ಮೋರ್’ ಎಂಬ ಕೂಗು ಬಂದರೆ ಕತೆಯನ್ನು ಅಲ್ಲಿಯೇ ನಿಲ್ಲಿಸಿ ಹಾಡನ್ನು ಮತ್ತೆ ಎತ್ತಿಕೊಳ್ಳಬೇಕು. ಅಭಿನಯ, ಗಾಯನ, ಸಂಭಾಷಣೆ ಎಂದು ವಿಭಾಗಿಸಿ ಕಲಿಯುವ ಕ್ರಮ ಅಲ್ಲಿರಲಿಲ್ಲ. ನಾಗೇಂದ್ರರಾಯರು ಮುಂದೆ ನಟನೆ, ಸಂಗೀತ, ನಿರ್ದೇಶನ, ನಿರ್ಮಾಣ ಎಲ್ಲಕ್ಕೂ ಕೈಹಾಕಿದ್ದು ಸಾಹಸದಂತೆ ಕಂಡರೂ, ಅದರ ಬೇರು ಈ ಕಲಿಕೆಯಲ್ಲೇ ಇತ್ತು.

1930ರ ದಶಕದ ಆರಂಭದಲ್ಲಿ ಚಮನ್‌ಲಾಲ್ ಡೂಂಗಾಜಿ ಎಂಬ ವ್ಯಾಪಾರಿ ಕನ್ನಡದಲ್ಲಿ ಮಾತನಾಡುವ ಚಿತ್ರ ತೆಗೆಯಲು ಹೊರಟು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯನ್ನು ಕಟ್ಟಿದರು. ಕತೆ, ಕಲಾವಿದರು, ಹಾಡು ಎಲ್ಲವೂ ಬಂದದ್ದು ರಂಗಭೂಮಿಯಿಂದ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ ಮತ್ತು ಹಾಡುಗಳನ್ನು ಬರೆದರು. ವೈ.ವಿ. ರಾವ್ ನಿರ್ದೇಶಿಸಿ ಲಕ್ಷ್ಮಣನ ಪಾತ್ರವನ್ನೂ ವಹಿಸಿದರು. ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ನಾಗೇಂದ್ರರಾಯರು ರಾವಣನಾಗಿ ನಟಿಸಿದ್ದಲ್ಲದೆ ಸಂಗೀತದ ಹೊಣೆಯಲ್ಲೂ ಪಾಲುಗೊಂಡರು. ಬೆಂಗಳೂರಿನಲ್ಲಿ ವಾಕ್ಚಿತ್ರಕ್ಕೆ ತಕ್ಕ ಸ್ಟುಡಿಯೋ ಇರಲಿಲ್ಲ. ಆದ್ದರಿಂದ ತಂಡವೆಲ್ಲ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋಗೆ ಹೋಯಿತು. ತಗುಲಿದ ವೆಚ್ಚ ಸುಮಾರು 40,000 ರೂಪಾಯಿ. ಹಿನ್ನೆಲೆ ಗಾಯನ ಇನ್ನೂ ಬಳಕೆಗೆ ಬಂದಿರಲಿಲ್ಲವಾಗಿ ನಟರೇ ಕ್ಯಾಮೆರಾ ಎದುರು ಹಾಡಬೇಕಿತ್ತು. ಕಂಪನಿಯ ಕಂಠಗಳಿಲ್ಲದೆ ಕನ್ನಡ ತೆರೆ ಮಾತು ಕಲಿಯುವಂತೆಯೇ ಇರಲಿಲ್ಲ.

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಚಿತ್ರ ಬಿಡುಗಡೆಯಾಯಿತು. ಕನ್ನಡದ ಇನ್ನೊಂದು ವಾಕ್ಚಿತ್ರ ‘ಭಕ್ತ ಧ್ರುವ’ದ ಚಿತ್ರೀಕರಣ ಇದಕ್ಕೂ ಮೊದಲೇ ಆರಂಭವಾಗಿತ್ತಾದರೂ ಜನರೆದುರು ಬಂದದ್ದು ‘ಸತಿ ಸುಲೋಚನ’ದ ನಂತರ. ಜನ ಮುಗಿಬಿದ್ದು ನೋಡಿದ ಈ ಮೊದಲ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲವೆಂಬುದು ಕನ್ನಡದ ದೊಡ್ಡ ನಷ್ಟ. ಆ ರಾವಣನನ್ನು ಇಂದು ಯಾರೂ ನೋಡುವಂತಿಲ್ಲ.

ಇದೇ ದಶಕದಲ್ಲಿ ನಾಗೇಂದ್ರರಾಯರು ಮತ್ತು ಸುಬ್ಬಯ್ಯ ನಾಯ್ಡು ಸೇರಿ ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿ ಬೆಳೆಸಿದರು. ಒಂದೇ ವರ್ಷ ಹುಟ್ಟಿದ ಈ ಇಬ್ಬರ ಜೋಡಿ ಅಪರೂಪದ್ದು. ನಾಯ್ಡು ಅವರದು ನಾಯಕನಿಗೆ ಒಪ್ಪುವ ಗಾಂಭೀರ್ಯ; ನಾಗೇಂದ್ರರಾಯರದು ಎದುರಾಳಿಯ, ವಕ್ರಸ್ವಭಾವದ ಪಾತ್ರಗಳಿಗೆ ಜೀವ ತುಂಬುವ ಚುರುಕು. ಒಬ್ಬರ ಬಲ ಇನ್ನೊಬ್ಬರ ಬಲಕ್ಕೆ ಅಡ್ಡಬರಲಿಲ್ಲ. ಮಂಡಳಿಯ ‘ಭೂಕೈಲಾಸ’ ನಾಟಕದ ಖ್ಯಾತಿ ಮದರಾಸಿನವರೆಗೆ ಹರಡಿ, ಚಿತ್ರ ನಿರ್ಮಾಪಕ ಎ.ವಿ. ಮೇಯಪ್ಪನ್ ಅದನ್ನು 1940ರಲ್ಲಿ ತೆಲುಗು ಚಿತ್ರವನ್ನಾಗಿ ಮಾಡಿದರು. ತೆಲುಗಿನ ಆ ಚಿತ್ರದಲ್ಲೂ ಕನ್ನಡದ ಸುಬ್ಬಯ್ಯ ನಾಯ್ಡು ಅವರೇ ರಾವಣ, ನಾಗೇಂದ್ರರಾಯರೇ ನಾರದ. 1958ರಲ್ಲಿ ರಾಜ್‌ಕುಮಾರ್ ನಟಿಸಿದ ಕನ್ನಡ ‘ಭೂಕೈಲಾಸ’ ಬರುವುದಕ್ಕೆ ಹದಿನೆಂಟು ವರ್ಷ ಮೊದಲೇ ಈ ಕತೆಗೆ ತೆರೆಯ ದಾರಿ ತೋರಿದ್ದು ಮೈಸೂರಿನ ನಾಟಕ ಮಂಡಳಿ.

ಮರುವರ್ಷ, 1941ರಲ್ಲಿ ‘ವಸಂತಸೇನಾ’ ಬಂದಿತು. ಶೂದ್ರಕನ ‘ಮೃಚ್ಛಕಟಿಕ’ದ ಕತೆ, ಸುಬ್ಬಯ್ಯ ನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ, ನಾಗೇಂದ್ರರಾಯರು ಶಕಾರ. ರಾಜನ ಮೈದುನನಾದ ಶಕಾರ ಕ್ರೂರಿ, ಮೂರ್ಖ, ಹೇಡಿ. ನಗಿಸುತ್ತಲೇ ಹೆದರಿಸಬೇಕಾದ ಪಾತ್ರ. ಬರೀ ವಿದೂಷಕನನ್ನಾಗಿ ಮಾಡಿದರೆ ಕತೆಯ ಅಪಾಯವೇ ಕರಗುತ್ತದೆ, ಬರೀ ಖಳನನ್ನಾಗಿ ಮಾಡಿದರೆ ಶೂದ್ರಕನ ಹಾಸ್ಯ ಸಾಯುತ್ತದೆ. ನಾಗೇಂದ್ರರಾಯರಿಗೆ ಹೆಚ್ಚು ಹೆಸರು ತಂದ ಪಾತ್ರಗಳಲ್ಲಿ ಇದೂ ಒಂದು.

1943ರ ‘ಸತ್ಯ ಹರಿಶ್ಚಂದ್ರ’ವನ್ನು ಅವರೇ ನಿರ್ದೇಶಿಸಿದರು. ಮೇಯಪ್ಪನ್ ಇದಕ್ಕೆ ತಮಿಳು ಧ್ವನಿ ಜೋಡಿಸಿ ಮರುವರ್ಷ ಬಿಡುಗಡೆ ಮಾಡಿದರು. ಭಾರತದಲ್ಲಿ ಡಬ್ಬಿಂಗ್‌ನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆರಂಭಿಸುವುದು ಈ ಕನ್ನಡ ಚಿತ್ರದಿಂದಲೇ. 1947ರ ‘ಮಹಾತ್ಮ ಕಬೀರ್’ನಲ್ಲಿಯೂ ನಿರ್ದೇಶನ ನಾಗೇಂದ್ರರಾಯರದು, ಮುಖ್ಯಪಾತ್ರ ನಾಯ್ಡು ಅವರದು.

ಆಗ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ನಟನಿಗೆ ಅದನ್ನೇ ನಂಬಿ ಬದುಕುವುದು ಕಷ್ಟ. ಸ್ಟುಡಿಯೋಗಳೆಲ್ಲ ಇದ್ದ ಮದರಾಸಿನಲ್ಲಿ ನಾಗೇಂದ್ರರಾಯರು ತಮಿಳಿನಲ್ಲೂ ನಟಿಸಿದರು. ಜೆಮಿನಿ ಸಂಸ್ಥೆಯ ‘ಅಪೂರ್ವ ಸಹೋದರರ್ಗಳ್’ (1949) ಚಿತ್ರದಲ್ಲಿ ಎಂ.ಕೆ. ರಾಧಾ ಅವರ ದ್ವಿಪಾತ್ರಕ್ಕೆ ಎದುರಾಗಿ ನಿಂತ ಖಳನಾಯಕ ಅವರೇ. ಬಳಿಕ ಸ್ವಂತ ನಿರ್ಮಾಣಕ್ಕೆ ಇಳಿದು 1953ರಲ್ಲಿ ‘ಜಾತಕ ಫಲ’ ಮಾಡಿದರು. ಪುರಾಣ ಬಿಟ್ಟು ಸಾಮಾಜಿಕ ಕತೆಗೆ ಬಂದ ಈ ಚಿತ್ರ ತಮಿಳು, ತೆಲುಗಿನಲ್ಲೂ ತಯಾರಾಯಿತು. ಅವರ 1957ರ ಚಿತ್ರ ‘ಪ್ರೇಮದ ಪುತ್ರಿ’ಗೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ದೊರೆಯಿತು.

ವಯಸ್ಸಾದಂತೆ ಅವರ ಅಭಿನಯ ಕುಗ್ಗಲಿಲ್ಲ, ಪಾತ್ರಗಳ ಬಗೆ ಬದಲಾಯಿತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಎಂ.ಆರ್. ವಿಠಲ್ ನಿರ್ದೇಶಿಸಿದ ‘ಹಣ್ಣೆಲೆ ಚಿಗುರಿದಾಗ’ (1968) ಚಿತ್ರದಲ್ಲಿ ರಾಜ್‌ಕುಮಾರ್, ಕಲ್ಪನಾ ಇದ್ದರೂ ಕತೆಯ ಅಚ್ಚು ಇದ್ದದ್ದು ನಾಗೇಂದ್ರರಾಯರ ಪಾತ್ರದಲ್ಲಿ: ಸಂಪ್ರದಾಯವನ್ನು ಬಿಗಿಹಿಡಿದು ವಿಧವೆ ಮಗಳ ಬದುಕಿಗೆ ಅಡ್ಡವಾಗಿದ್ದ ತಂದೆ, ಕ್ರಮೇಣ ಮನಸ್ಸು ಬದಲಿಸುತ್ತಾನೆ. ಆರ್ಭಟದ ರಾವಣನಿಂದ ತೆರೆಗೆ ಬಂದ ನಟ ಇಲ್ಲಿ ದನಿಯನ್ನು ತಗ್ಗಿಸಿ, ಮನೆಯ ಹಿರಿಯನೊಬ್ಬನ ಒಳತೋಟಿಯನ್ನು ತೋರಿಸಿದರು. ಕಂಪನಿ ನಟರೆಂದರೆ ಕೂಗಾಡುವವರು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಈ ಪಾತ್ರಕ್ಕೆ ರಾಜ್ಯ ಸರ್ಕಾರದ ಅತ್ಯುತ್ತಮ ನಟ ಪ್ರಶಸ್ತಿ ಸಂದಾಗ ಅವರು ಎಪ್ಪತ್ತು ದಾಟಿದ್ದರು.

ಮಕ್ಕಳು ಮೂವರೂ ಚಿತ್ರರಂಗವನ್ನೇ ಹಿಡಿದರು. ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾದರು. ಆರ್.ಎನ್. ಜಯಗೋಪಾಲ್ ‘ಪ್ರೇಮದ ಪುತ್ರಿ’ಯಿಂದ ಆರಂಭಿಸಿ ಕನ್ನಡದ ಪ್ರಮುಖ ಚಿತ್ರಗೀತಕಾರರಲ್ಲಿ ಒಬ್ಬರಾದರು. ಆರ್.ಎನ್. ಸುದರ್ಶನ್ ತಂದೆಯೇ ನಿರ್ದೇಶಿಸಿದ ‘ವಿಜಯನಗರದ ವೀರಪುತ್ರ’ (1961) ಚಿತ್ರದ ಮೂಲಕ ನಾಯಕನಟರಾಗಿ ಬಂದರು. ಭಾರತ ಸರ್ಕಾರ 1976ರಲ್ಲಿ ನಾಗೇಂದ್ರರಾಯರಿಗೆ ಪದ್ಮಶ್ರೀ ನೀಡಿತು. 1977ರ ಫೆಬ್ರವರಿ 9ರಂದು ಅವರು ನಿಧನರಾದರು.